ಪಾರ್ಕಿನ ಆಚೆಯಿಂದ ಬಂದ ಕೋಚ್

2021ರ ಜೂನ್ ಕೊನೆಯ ವಾರ. ಲಿವರ್‌ಪೂಲ್ ನಗರದಿಂದ ಮರ್ಸಿ ನದಿ ದಾಟಿದರೆ ಸಿಗುವ ವಿರಲ್ ಪ್ರದೇಶದ ಬೀದಿಯೊಂದರಲ್ಲಿ ಯಾರೋ ಬ್ಯಾನರ್ ಕಟ್ಟಿ ಹೋಗಿದ್ದರು. ನಿಮ್ಮ ಮನೆ ಎಲ್ಲಿದೆ ಅಂತ ನಮಗೆ ಗೊತ್ತು, ಸಹಿ ಹಾಕಬೇಡಿ ಎಂಬುದು ಅದರ ತಾತ್ಪರ್ಯ. ಅದು ರಫಾ ಬೆನಿಟೆಜ್ ಅವರಿಗೆ ಕೊಟ್ಟ ಎಚ್ಚರಿಕೆ. ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಹುದ್ದೆಗೆ ಅವರ ಹೆಸರು ಬಹುತೇಕ ಗಟ್ಟಿಯಾಗಿತ್ತು. ಪೊಲೀಸರು ತನಿಖೆಗೆ ಇಳಿದರು. ಒಬ್ಬ ಮನುಷ್ಯನ ಮನೆ ಬಾಗಿಲಿಗೆ ಬೆದರಿಕೆ ತರುವುದನ್ನು ಅಭಿಮಾನ ಎಂದು ಕರೆಯಲು ನನ್ನಿಂದ ಸಾಧ್ಯವಿಲ್ಲ. ಆದರೆ ಆ ಬ್ಯಾನರ್ ಕಟ್ಟಿದವರು ಬೆರಳೆಣಿಕೆಯ ಮಂದಿ. ಅವರ ಸುತ್ತ ಸಾವಿರಾರು ಜನ ಪ್ರಾಮಾಣಿಕವಾಗಿ, ಹೊಟ್ಟೆಯ ಸಂಕಟದಿಂದ ವಾದಿಸುತ್ತಿದ್ದರು. ಅವರ ಮಾತನ್ನು ಕೇಳಿಸಿಕೊಳ್ಳಬೇಕು.

ಅದಕ್ಕೆ ಮೊದಲು ಊರಿನ ನಕ್ಷೆ ತಿಳಿದಿರಬೇಕು. ಎವರ್ಟನ್ನಿನ ಅಂದಿನ ಮೈದಾನ ಗುಡಿಸನ್ ಪಾರ್ಕಿಗೂ ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡಿಗೂ ನಡುವೆ ಇರುವುದು ಸ್ಟಾನ್ಲಿ ಪಾರ್ಕ್ ಎಂಬ ಒಂದೇ ಉದ್ಯಾನ. ಆನ್‌ಫೀಲ್ಡ್ ಮೂಲತಃ ಎವರ್ಟನ್ನಿನದೇ ಮನೆ. ಬಾಡಿಗೆಯ ಜಗಳ ತಾರಕಕ್ಕೇರಿ 1892ರಲ್ಲಿ ಅವರು ಗುಡಿಸನ್‌ಗೆ ಹೊರಟುಹೋದರು. ಖಾಲಿ ಬಿದ್ದ ಮೈದಾನಕ್ಕಾಗಿ ಜಾನ್ ಹೌಲ್ಡಿಂಗ್ ಹೊಸ ತಂಡ ಕಟ್ಟಿದರು, ಅದೇ ಲಿವರ್‌ಪೂಲ್. ಅಂದರೆ ಇದು ಪಾಲು ಹಂಚಿಕೊಂಡ ದಾಯಾದಿಗಳ ಕಥೆ. ಒಂದೇ ಮನೆಯಲ್ಲಿ ಅಣ್ಣ ನೀಲಿ, ತಮ್ಮ ಕೆಂಪು. ಲಿವರ್‌ಪೂಲ್ ಅಭಿಮಾನಿಗಳು ಜೀವ ತೆತ್ತ 1989ರ ಹಿಲ್ಸ್‌ಬರೋ ದುರಂತದ ಬಳಿಕ ಎರಡೂ ಕಡೆಯವರು ಶಾಲುಗಳನ್ನು ಗಂಟು ಹಾಕುತ್ತಾ ಹೋಗಿ ಸ್ಟಾನ್ಲಿ ಪಾರ್ಕಿನುದ್ದಕ್ಕೂ ಎರಡು ಮೈದಾನಗಳನ್ನು ಜೋಡಿಸಿದ್ದರು. ಸಾವಿನಲ್ಲಿ ಒಂದಾದ ಆ ಊರು ಆಟದಲ್ಲಿ ಮಾತ್ರ ಎಂದೂ ಒಂದಾಗಿಲ್ಲ. ಬೆನಿಟೆಜ್‌ಗಿಂತ ಮೊದಲು ಎರಡೂ ತಂಡಗಳ ಹೊಣೆ ಹೊತ್ತವರು ಒಬ್ಬರೇ, 19ನೇ ಶತಮಾನದ ಡಬ್ಲ್ಯು. ಇ. ಬಾರ್ಕ್ಲೆ.

2004ರಿಂದ 2010ರವರೆಗೆ ಬೆನಿಟೆಜ್ ಲಿವರ್‌ಪೂಲಿನ ಕೋಚ್. 2005ರಲ್ಲಿ ಇಸ್ತಾಂಬುಲ್‌ನಲ್ಲಿ ಮೂರು ಗೋಲು ಹಿಂದಿದ್ದ ತಂಡವನ್ನು ಚಾಂಪಿಯನ್ಸ್ ಲೀಗ್ ಗೆಲ್ಲಿಸಿ ಅಲ್ಲಿನವರ ಪಾಲಿಗೆ ದೇವರಾದವರು. ನೀಲಿಯವರು ಅದನ್ನಾದರೂ ಸಹಿಸಿಕೊಳ್ಳುತ್ತಿದ್ದರೇನೋ. ಸಹಿಸಲಾಗದ್ದು 2007ರ ಫೆಬ್ರುವರಿಯ ಒಂದು ಮಾತು. ಆನ್‌ಫೀಲ್ಡಿನಲ್ಲಿ ಈ ಎರಡು ತಂಡಗಳ ಡರ್ಬಿ ಪಂದ್ಯ ಗೋಲಿಲ್ಲದೆ ಮುಗಿದಿತ್ತು. ಎವರ್ಟನ್ ಬರೀ ರಕ್ಷಣೆಗೆ ನಿಂತಿತೆಂದು ಬೇಸತ್ತ ಬೆನಿಟೆಜ್ ಅದನ್ನು ‘ಸಣ್ಣ ಕ್ಲಬ್’ ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎವರ್ಟನ್ 1878ರಲ್ಲಿ ಹುಟ್ಟಿದ, ಒಂಬತ್ತು ಸಲ ಇಂಗ್ಲೆಂಡಿನ ಲೀಗ್ ಗೆದ್ದ ತಂಡ. ಹಳೆಯ ಮನೆತನ ಬಡತನಕ್ಕೆ ಇಳಿದಿರುವಾಗ ಹೊಸ್ತಿಲಲ್ಲಿ ನಿಂತು ಆಡಿದ ಮಾತು ಅದು. ಹದಿನಾಲ್ಕು ವರ್ಷವಾದರೂ ಮಾಯಲಿಲ್ಲ.

ಅಂಥವರನ್ನೇ ಕ್ಲಬ್ಬಿನ ಅಂದಿನ ಮಾಲೀಕ ಫರ್ಹಾದ್ ಮೊಶಿರಿ ಕರೆತಂದರು. ಹಿಂದಿನ ಕೋಚ್ ಕಾರ್ಲೊ ಆಂಚೆಲೊಟ್ಟಿ ಜೂನ್ ಮೊದಲ ದಿನವೇ ರಿಯಲ್ ಮ್ಯಾಡ್ರಿಡ್‌ಗೆ ಹಾರಿದ್ದರು. ಆ ಏಟಿನ ಮೇಲೆ ಜೂನ್ 30ಕ್ಕೆ ಈ ನೇಮಕ.

ಅಭಿಮಾನಿಗಳಲ್ಲಿ ಎಲ್ಲರೂ ವಿರೋಧಿಸಿದರು ಎನ್ನುವುದು ತಪ್ಪು. ಲೆಕ್ಕ ಬಲ್ಲವರು ಬೇರೆ ದಾರಿ ಹಿಡಿದಿದ್ದರು. ಬೆನಿಟೆಜ್ ವೆಲೆನ್ಸಿಯಾಕ್ಕೆ ಎರಡು ಸಲ ಸ್ಪೇನಿನ ಲೀಗ್ ಗೆದ್ದುಕೊಟ್ಟವರು, ಕೆಳಗೆ ಬಿದ್ದಿದ್ದ ನ್ಯೂಕಾಸಲ್ ಅನ್ನು 2017ರಲ್ಲಿ ಮರಳಿ ಪ್ರೀಮಿಯರ್ ಲೀಗಿಗೆ ತಂದವರು, ಕೈಯಲ್ಲಿ ಕಾಸಿಲ್ಲದಾಗ ತಂಡ ನಡೆಸುವುದು ಗೊತ್ತಿರುವವರು. ನಮಗೆ ಬೇಕಿರುವುದು ಇದೇ ಅಲ್ಲವೇ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು. ಮೊಶಿರಿ ಬಂದ ಮೇಲೆ ನೀರಿನಂತೆ ಹಣ ಚೆಲ್ಲಿದ್ದ ಕ್ಲಬ್ಬಿಗೆ ಆ ಬೇಸಿಗೆಯಲ್ಲಿ ಹಣಕಾಸು ನಿಯಮಗಳು ಬಿಗಿಯಾಗಿದ್ದವು. ವಿಂಗರ್ ಡಿಮರೈ ಗ್ರೇ ಅವರನ್ನು ಕೊಂಡದ್ದು ಸುಮಾರು 17 ಲಕ್ಷ ಪೌಂಡಿಗೆ. ಪ್ರೀಮಿಯರ್ ಲೀಗಿನ ಸಂತೆಯಲ್ಲಿ ಅದು ಚಿಲ್ಲರೆ ದುಡ್ಡು.

ಎದುರು ಪಕ್ಷದ ಉತ್ತರ ಚಿಕ್ಕದು. ಈ ಮನುಷ್ಯ ನಮ್ಮವನಲ್ಲ. ಮೇಲ್ನೋಟಕ್ಕೆ ಇದು ತರ್ಕವೇ ಅಲ್ಲ. ಆದರೂ ನಾನು ಈ ಮಾತಿನ ಪಕ್ಕದಲ್ಲೇ ನಿಲ್ಲುತ್ತೇನೆ. ಕ್ಲಬ್ಬಿನ ಷೇರು ಮಾಲೀಕರದು, ಸಹಿ ಮಾಲೀಕರದು. ಅಜ್ಜನ ಕಾಲದಿಂದ ಅದೇ ಗ್ಯಾಲರಿಯಲ್ಲಿ ಕೂಗಿದವರಿಗೆ ಮತದಾನದ ಹಕ್ಕಿಲ್ಲ. ಅವರ ಪಾಲಿಗೆ ಉಳಿದಿರುವ ಆಸ್ತಿ ನೆನಪೊಂದೇ, ಆ ನೆನಪನ್ನೇ ಮಾಲೀಕರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಮೊದಲು ಲೆಕ್ಕದವರೇ ಗೆದ್ದರು. ಆರು ಲೀಗ್ ಪಂದ್ಯಗಳಲ್ಲಿ ನಾಲ್ಕು ಜಯ, 13 ಅಂಕ. ಬೈಗುಳ ತಗ್ಗಿತು, ಪ್ರೀತಿ ಮಾತ್ರ ಹುಟ್ಟಲಿಲ್ಲ. ಆಮೇಲೆ ಗಾಯಗಳು ಬೆನ್ನು ಹತ್ತಿದವು, ಗೋಲು ಹೊಡೆಯುವ ಡೊಮಿನಿಕ್ ಕ್ಯಾಲ್ವರ್ಟ್-ಲೂಯಿನ್ ತಿಂಗಳುಗಟ್ಟಲೆ ಹೊರಗುಳಿದರು. ಡಿಸೆಂಬರ್ 1ರಂದು ಗುಡಿಸನ್‌ನಲ್ಲೇ ಲಿವರ್‌ಪೂಲ್ ಎದುರು 4-1 ಸೋಲು. ಬೇರೆ ಯಾವ ಕೋಚ್ ಆಗಿದ್ದರೂ ಅದು ಬರೀ ಸೋಲಾಗುತ್ತಿತ್ತು. ಬೆನಿಟೆಜ್ ಪಾಲಿಗೆ ಅದು ಹಳೆಯ ಮಾತಿನ ಸಾಕ್ಷಿಯಾಯಿತು. ಐದು ದಿನದ ನಂತರದ ಆರ್ಸೆನಲ್ ಪಂದ್ಯದ 27ನೇ ನಿಮಿಷಕ್ಕೆ ಎದ್ದು ಹೋಗಿ ಆಡಳಿತ ಮಂಡಳಿಗೆ ಪ್ರತಿಭಟನೆ ತೋರಿಸೋಣ ಎಂದು ಅಭಿಮಾನಿಗಳು ಕರೆ ಕೊಟ್ಟರು. 1995ರ ಎಫ್‌ಎ ಕಪ್‌ನ ನಂತರ ಒಂದೂ ದೊಡ್ಡ ಟ್ರೋಫಿ ಕಾಣದ ಸಂಕಟ ಅದರ ಹಿಂದಿತ್ತು. ಕೆಲವರು ಎದ್ದು ಹೋದರು, ಬಹಳಷ್ಟು ಮಂದಿ ಕೂತೇ ಇದ್ದರು. ಕೊನೆಯ ಗಳಿಗೆಯಲ್ಲಿ ಅದೇ ಗ್ರೇ ಹೊಡೆದ ಗೋಲಿಗೆ ಆ ಕೂತವರೆಲ್ಲ ಹುಚ್ಚೆದ್ದು ಕುಣಿದರು. ಕೊನೆಯ 13 ಲೀಗ್ ಪಂದ್ಯಗಳಲ್ಲಿ ಬೆನಿಟೆಜ್ ಕಂಡ ಏಕೈಕ ಗೆಲುವು ಅದು.

ಆಟಗಾರ ಲೂಕಾ ಡೀನ್ಯ ಜೊತೆ ಮುನಿಸು, ಜನವರಿಯಲ್ಲಿ ಅವರು ಆಸ್ಟನ್ ವಿಲ್ಲಾಕ್ಕೆ ಮಾರಾಟವಾದರು. 15ರಂದು ತಳದಲ್ಲಿದ್ದ ನಾರಿಚ್ ಎದುರೂ 2-1 ಸೋಲು. ಮರುದಿನ ವಜಾ.

ಮುಂದಿನ ಹೆಸರು ಪೋರ್ಚುಗಲ್‌ನ ವಿಟೊರ್ ಪೆರೇರಾ ಎಂದು ಸುದ್ದಿ ಹಬ್ಬಿತು. ಗುಡಿಸನ್ ಗೋಡೆಯ ಮೇಲೆ ಬಣ್ಣದ ಬರಹ ಮೂಡಿತು: ಪೆರೇರಾ ಬೇಡ, ಲ್ಯಾಂಪಾರ್ಡ್ ಬರಲಿ. ಪೆರೇರಾ ಟಿ.ವಿ. ವಾಹಿನಿಗೆ ನೇರ ಪ್ರಸಾರದಲ್ಲೇ ಕರೆ ಮಾಡಿ ತಮ್ಮ ಪರ ಮಾತಾಡಿಕೊಂಡರು, ಉಪಯೋಗವಾಗಲಿಲ್ಲ. ಜನವರಿ 31ಕ್ಕೆ ಫ್ರಾಂಕ್ ಲ್ಯಾಂಪಾರ್ಡ್ ಬಂದರು.

ಇಲ್ಲಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬೆನಿಟೆಜ್ 19 ಲೀಗ್ ಪಂದ್ಯಗಳಲ್ಲಿ 19 ಅಂಕ ಗಳಿಸಿದರು, ಹತ್ತರಲ್ಲಿ ಸೋತರು. ಲ್ಯಾಂಪಾರ್ಡ್ ಆ ಋತುವಿನ 18 ಪಂದ್ಯಗಳಲ್ಲಿ 20 ಅಂಕ ಗಳಿಸಿದರು, ಅವರೂ ಹತ್ತರಲ್ಲಿ ಸೋತರು. ಬೆನಿಟೆಜ್ ಹೋದ ದಿನ ಮುಗಿಯುವಾಗ ತಂಡ 16ನೇ ಸ್ಥಾನದಲ್ಲಿತ್ತು. ಋತು ಮುಗಿದಾಗಲೂ 16.

ಸೋಲಿನ ಸಂಖ್ಯೆ ಒಂದೇ, ಆದರೆ ಗುಡಿಸನ್ ರಸ್ತೆಯ ಚಿತ್ರ ಬೇರೆ. ಮೇ ತಿಂಗಳಲ್ಲಿ ತಂಡದ ಬಸ್ಸು ಬರುವ ದಾರಿಯ ಎರಡೂ ಬದಿ ಜನ ಕಿಕ್ಕಿರಿದು, ನೀಲಿ ಹೊಗೆ ಎಬ್ಬಿಸಿ, ಹಾಡುತ್ತಾ ಸ್ವಾಗತಿಸಿದರು. ಮೇ 19ರ ರಾತ್ರಿ ಕ್ರಿಸ್ಟಲ್ ಪ್ಯಾಲೆಸ್ ಎದುರು 2-0 ಹಿಂದಿದ್ದಾಗಲೂ ಯಾರೂ ಕೋಚ್ ವಿರುದ್ಧ ಬ್ಯಾನರ್ ಎತ್ತಲಿಲ್ಲ. 85ನೇ ನಿಮಿಷದಲ್ಲಿ ಕ್ಯಾಲ್ವರ್ಟ್-ಲೂಯಿನ್ ತಲೆಯಿಂದ ಚಿಮ್ಮಿದ ಚೆಂಡು ಬಲೆ ಸೇರಿ 3-2 ಆಯಿತು. ಲೀಗಿನಿಂದ ಕೆಳಗೆ ಬೀಳದೆ ಉಳಿದ ಆ ರಾತ್ರಿ ಗ್ಯಾಲರಿಗಳಿಂದ ಇಳಿದ ಜನ ಮೈದಾನವನ್ನೆಲ್ಲ ತುಂಬಿಕೊಂಡು, ಹುಲ್ಲೇ ಕಾಣದಂತೆ ನಿಂತಿದ್ದರು.