ಹಲ್ಲು ಎಣಿಸಿ ಕೊಳ್ಳಬೇಕಾದ ಸೈಕಲ್ಲು

ದನದ ಪೇಟೆಯಲ್ಲಿ ಎತ್ತು ಕೊಳ್ಳಲು ಬಂದ ಒಕ್ಕಲಿಗನನ್ನು ವಾಚಕರು ನೋಡಿರಬಹುದು. ಮೈಬಣ್ಣಕ್ಕೆ ಅವನು ಮರುಳಾಗುವುದಿಲ್ಲ. ಕೋಡಿಗೆ ಬಳಿದ ಬಣ್ಣಕ್ಕಂತೂ ಅಲ್ಲವೇ ಅಲ್ಲ. ಬಾಯಿ ತೆರೆಯಿಸಿ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ಒಕ್ಕಲಿಗ ಮಗಳಿಗೆ ಸೈಕಲ್ಲು ಕೊಡಿಸಲು ಅಂಗಡಿಗೆ ಹೋದಾಗ, "ಯಾವ ಬಣ್ಣದ್ದು ಬೇಕವ್ವಾ?" ಎಂದಷ್ಟೇ ಕೇಳುತ್ತಾನೆ. ಸೈಕಲ್ಲಿಗೂ ಹಲ್ಲುಗಳಿವೆ, ಅವನ್ನೂ ಎಣಿಸಿ ಕೊಳ್ಳಬೇಕು ಎಂಬುದು ಅವನಿಗೆ ತಿಳಿಯದು. ನನಗೂ ಬಹುಕಾಲ ತಿಳಿದಿರಲಿಲ್ಲ. ತಿಳಿದದ್ದು ಒಬ್ಬರಿಗೆ ತಪ್ಪು ಸಲಹೆ ಕೊಟ್ಟ ಮೇಲೆ.

ಕೆಲವು ವರ್ಷಗಳ ಹಿಂದೆ ಹಿರೇಕೆರೂರ ಸೀಮೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿ ನಮ್ಮ ಶಾಲೆಗೆ ಬರುತ್ತಿದ್ದಳು. ಬಸ್ಸು ಸಿಕ್ಕರೆ ಮೊದಲನೆಯ ಪಾಠ, ತಪ್ಪಿದರೆ ಮೂರನೆಯ ಪಾಠ. ಅವಳ ತಂದೆ ಗೋವಿನಜೋಳ ಮಾರಿದ ಹಣ ಹಿಡಿದುಕೊಂಡು ಬಂದು, "ಯಾವ ಗಾಡಿ ತರಲಿ ಸರ?" ಎಂದು ಕೇಳಿದರು. ದಾರಿಯಲ್ಲಿ ಎರಡು ಏರುಗಳಿವೆ ಎಂದು ಕೇಳಿದ್ದ ನಾನು, ಗಿಯರಿನ ದಪ್ಪ ಟೈರಿನ ಸೈಕಲ್ಲೇ ಆಗಲಿ ಎಂದುಬಿಟ್ಟೆ. ಅವರು ಇದ್ದ ಹಣದಲ್ಲಿ ಸಿಕ್ಕ ಅಗ್ಗದ ಒಂದನ್ನು ತಂದರು. ಮುಂದೆ ಹಿಂದೆ ಸ್ಪ್ರಿಂಗು, ಹಿಂಭಾಗದಲ್ಲಿ ಹಲ್ಲುಚಕ್ರಗಳ ಗೊಂಚಲು, ನೋಡಲು ಭರ್ಜರಿಯಾಗಿತ್ತು. ಎರಡು ತಿಂಗಳೊಳಗೆ ಗಿಯರು ಬದಲಿಸುವ ಕೊಂಡಿ ಸೊಟ್ಟಗಾಗಿ ಚೈನು ಕಡ್ಡಿಗಳಲ್ಲಿ ಸಿಕ್ಕಿಕೊಳ್ಳತೊಡಗಿತು. ಊರಿನ ಸೈಕಲ್ ಅಂಗಡಿಯಲ್ಲಿ ಅದರ ಬಿಡಿಭಾಗ ಇರಲಿಲ್ಲ. ತುಳಿದ ಶಕ್ತಿಯ ಒಂದು ಪಾಲನ್ನು ಸ್ಪ್ರಿಂಗೇ ನುಂಗುತ್ತಿತ್ತು. "ಗಾಡಿ ನೋಡಾಕ ಛಲೋ ಐತ್ರಿ ಸರ, ಆದ್ರ ನಮ್ಮ ಹುಡುಗಿ ಕಡೆ ತುಳಿಯಾಕ ಆಗವಲ್ದು" ಎಂದು ತಂದೆ ಹೇಳಿದಾಗ ಅದು ಆಗಲೇ ದನದ ಕೊಟ್ಟಿಗೆ ಸೇರಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಹೆಚ್ಚಿದವು. ಅಷ್ಟರಮಟ್ಟಿಗೆ ಆ ಗುರುತುಗಳು ನನ್ನವೂ ಹೌದು.

ಒಂದು ಕಾಲದಲ್ಲಿ ಈ ಆಯ್ಕೆಯ ಕಷ್ಟ ಬಡವರಿಗೆ ಬರುತ್ತಿರಲಿಲ್ಲ. 2006-07ರಿಂದ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚತೊಡಗಿತು. ಅವು ಸರಳವಾದ, ಗಿಯರಿಲ್ಲದ ಸೈಕಲ್ಲುಗಳು. 2020ರಲ್ಲಿ ಕೊರೋನಾ ಬಂದಾಗ ಆ ಹಂಚಿಕೆ ನಿಂತಿತು, ಕೊಳ್ಳುವ ಭಾರ ಮನೆಯವರ ಮೇಲೆ ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿರುವುದು ಒಂದು ಸಮಾಧಾನ.

ಈಚೆಗೆ ನಮ್ಮ ಹುಡುಗರ ಬಾಯಲ್ಲಿ ಇನ್ನೊಂದು ಹೆಸರು ಕೇಳಿಬರುತ್ತಿದೆ: ಫಿಕ್ಸ್ಡ್ ಗಿಯರ್ ಸೈಕಲ್ಲು. ತೆಳ್ಳನೆಯ ಚೌಕಟ್ಟು, ಮಡಗಾರ್ಡು ಇಲ್ಲ, ಕ್ಯಾರಿಯರು ಇಲ್ಲ, ಕೆಲವಕ್ಕೆ ಬ್ರೇಕೂ ಇಲ್ಲ. ಅತಿ ಸರಳ, ಆದ್ದರಿಂದ ಅಗ್ಗ, ಆದ್ದರಿಂದ ಊರೊಳಗೆ ಓಡಾಡಲು ಉತ್ತಮ ಎಂಬುದು ಅವರ ವಾದ. ಈ ವಾದದ ಅರ್ಧ ಸತ್ಯ.

ಇದೇನೂ ಹೊಸ ವಸ್ತುವಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ 'ರೋವರ್' ಸೈಕಲ್ಲೇ ಈಗಿನ ಸೈಕಲ್ಲುಗಳಿಗೆಲ್ಲ ಮೂಲಪುರುಷ. ಅದು ಇದೇ ಬಗೆಯದು. ಹಿಂದಿನ ಹಲ್ಲುಚಕ್ರವನ್ನು ಚಕ್ರಕ್ಕೇ ಬಿಗಿದಿರುತ್ತಾರೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು, ಕಾಲು ನಿಲ್ಲಿಸುವಂತಿಲ್ಲ. ಕರ್ತೃಪದ ಬಹುವಚನವಾದರೆ ಕ್ರಿಯಾಪದವೂ ಬಹುವಚನವಾಗಲೇಬೇಕಲ್ಲವೇ, ಹಾಗೆ. (ಪಂಡಿತನ ಉಪಮೆಯನ್ನು ವಾಚಕರು ಕ್ಷಮಿಸಬೇಕು.) ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಫ್ರೀವ್ಹೀಲು ಬಳಕೆಗೆ ಬಂತು. ಅದರ ಹೊಟ್ಟೆಯಲ್ಲಿ ಸ್ಪ್ರಿಂಗಿನ ಬಲದಿಂದ ಏಳುವ ಪುಟ್ಟ ಕೊಂಡಿಗಳಿವೆ. ಮುಂದಕ್ಕೆ ತುಳಿದಾಗ ಅವು ಒಳಗಿನ ಕಚ್ಚುಗಳಲ್ಲಿ ಕೂತು ಚಕ್ರವನ್ನು ಎಳೆಯುತ್ತವೆ. ತುಳಿಯುವುದನ್ನು ನಿಲ್ಲಿಸಿದರೆ ಕಚ್ಚುಗಳ ಮೇಲೆ ಜಾರುತ್ತವೆ. ಇಳಿಜಾರಿನಲ್ಲಿ ಕೇಳುವ ಟಿಕಟಿಕ ಸದ್ದು ಈ ಜಾರಿಕೆಯದೇ. ಕಾಲಿಗೆ ವಿಶ್ರಾಂತಿ ಸಿಕ್ಕಿತೆಂಬುದರ ಘೋಷಣೆ ಅದು.

ಬಿಗಿದ ಹಲ್ಲುಚಕ್ರಕ್ಕೆ ಇಂದು ನಿಜವಾದ ನೆಲೆ ಪಂದ್ಯದ ಅಂಗಳ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಸಂಕೀರ್ಣದಲ್ಲಿರುವಂತಹ ಅಂಡಾಕಾರದ, ಓರೆಯಾಗಿ ಎದ್ದ ಪಥದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಎದುರು ಗಾಡಿಯಿಲ್ಲ, ಎಮ್ಮೆಯಿಲ್ಲ. ಅಲ್ಲಿಯ ಸೈಕಲ್ಲುಗಳಿಗೆ ಬ್ರೇಕೇ ಇರುವುದಿಲ್ಲ. ಸೈಕಲ್ ಪಂದ್ಯಕ್ಕೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಕಡೆಯ ಹುಡುಗನು ಅಂಥದನ್ನು ಬಯಸಿದರೆ ಅದಕ್ಕೊಂದು ಅರ್ಥವಿದೆ. ನ್ಯೂಯಾರ್ಕಿನಲ್ಲಿ ಕಾಗದಪತ್ರ ತಲುಪಿಸುವ ಸವಾರರು ಅದನ್ನು ಬೀದಿಗೆ ತಂದರು. ಅಲ್ಲಿಂದ ಅದು ಲೋಕದ ಶೋಕಿಯಾಯಿತು. ಆದರೆ ಸವಣೂರಿನ ಸಂತೆಯ ದಿನ ಪೇಟೆಯಲ್ಲಿ ಕುರಿಮರಿಯೊಂದು ಅಡ್ಡ ಬಂದರೆ, ಬರಿಯ ಕಾಲಿನ ಬಲದಿಂದ ಚಕ್ರವನ್ನು ಹಿಡಿದು ನಿಲ್ಲಿಸುವುದು ಹುಡುಗಾಟವಲ್ಲ. ತಿರುವಿನಲ್ಲಿ ಸೈಕಲ್ಲು ವಾಲಿದಾಗಲೂ ಪೆಡಲು ತಿರುಗುತ್ತಲೇ ಇರುವುದರಿಂದ ಅದು ನೆಲಕ್ಕೆ ತಾಗಿ ಸವಾರನನ್ನು ಕೆಡವಬಹುದು. ಸೀರೆಯ ಸೆರಗಾಗಲಿ ಪಂಚೆಯ ಚುಂಗಾಗಲಿ ಚೈನಿಗೆ ಸಿಕ್ಕರೆ ಪೆಡಲು ನಿಲ್ಲುವ ಮೊದಲೇ ಬಟ್ಟೆ ಒಳಗೆ ಹೋಗಿರುತ್ತದೆ.

ಹಾಗಾದರೆ ಆ ವಾದದಲ್ಲಿ ಸತ್ಯವಾದ ಅರ್ಧ ಯಾವುದು? ಹಿಂದೆ ಒಂದೇ ಹಲ್ಲುಚಕ್ರವಿರುವುದು. ಅದು ನಮಗೂ ಬೇಕು, ಆದರೆ ಫ್ರೀವ್ಹೀಲಿನೊಡನೆ. ಅಂದರೆ ನಮ್ಮ ಹಿರಿಯರ ಕರಿಯ ಸೈಕಲ್ಲೇ, ಇಲ್ಲವೇ ಅದರ ಹೊಸ ತಲೆಮಾರಿನವು. 1956ರಲ್ಲಿ ಲೂಧಿಯಾನಾದಲ್ಲಿ ಆರಂಭವಾದ ಹೀರೋ, ಮದ್ರಾಸಿನ ಟಿ.ಐ. ಕಾರ್ಖಾನೆಯ ಹರ್ಕ್ಯುಲಿಸ್ ಮತ್ತು ಬಿ.ಎಸ್.ಎ. ಇವು ಹಳ್ಳಿಹಳ್ಳಿಗೆ ತಲುಪಿದ್ದರಿಂದ ಅವುಗಳ ಬಿಡಿಭಾಗಗಳೂ ಹಳ್ಳಿಹಳ್ಳಿಗೆ ತಲುಪಿದವು. ಸುಮಾರು ₹5,000ದಿಂದ ₹7,000ದೊಳಗೆ ಒಳ್ಳೆಯ ಸಾದಾ ಸೈಕಲ್ಲು ದೊರೆಯುತ್ತದೆ. ಅದೇ ಬೆಲೆಗೆ ಗಿಯರೂ ಸ್ಪ್ರಿಂಗೂ ಇರುವುದನ್ನು ಕೊಡುತ್ತೇವೆಂದರೆ, ಆ ಅಲಂಕಾರದ ಖರ್ಚನ್ನು ಬೇರೆಲ್ಲೋ ಉಳಿಸಿರಲೇಬೇಕು. ಸಾಮಾನ್ಯವಾಗಿ ಬೇರಿಂಗಿನಲ್ಲೂ ಬ್ರೇಕಿನಲ್ಲೂ. ನಿಮ್ಮ ಊರಿನ ಮರದ ಕೆಳಗೆ ಕೂತು ಪಂಚರ್ ತೆಗೆಯುವವನು ರಿಪೇರಿ ಮಾಡಬಲ್ಲನೇ ಎಂಬುದೇ ಸೈಕಲ್ಲಿನ ಮೊದಲ ಪರೀಕ್ಷೆ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಏರಿನ ಗತಿಯೇನು ಎಂದು ಕೇಳುವಿರಿ. ಇಲ್ಲಿಯೇ ಹಲ್ಲಿನ ಲೆಕ್ಕ ಬರುವುದು. ಸಾದಾ ಸೈಕಲ್ಲಿನಲ್ಲಿ ಪೆಡಲಿನ ಬಳಿಯ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಚಿಕ್ಕದಕ್ಕೆ 18 ಹಲ್ಲು ಇವೆ ಎಂದುಕೊಳ್ಳೋಣ. 44ನ್ನು 18ರಿಂದ ಭಾಗಿಸಿದರೆ 2.44. ಪೆಡಲು ಒಂದು ಸುತ್ತು ಬಂದರೆ ಚಕ್ರ 2.44 ಸುತ್ತು ಬರುತ್ತದೆ. 28 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.23 ಮೀಟರು. ಆದ್ದರಿಂದ ಒಂದು ತುಳಿತದ ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರು. ಹಿಂದೆ 18ರ ಬದಲು 20 ಹಲ್ಲಿನ ಫ್ರೀವ್ಹೀಲು ಹಾಕಿಸಿದರೆ ಈ ದೂರ 4.9 ಮೀಟರಿಗೆ ಇಳಿಯುತ್ತದೆ. ಸಮದಾರಿಯಲ್ಲಿ ತುಸು ಹೆಚ್ಚು ಸಲ ತುಳಿಯಬೇಕು, ಆದರೆ ಏರಿನಲ್ಲಿ ಪ್ರತಿ ತುಳಿತಕ್ಕೂ ಹತ್ತರಲ್ಲಿ ಒಂದು ಪಾಲು ಭಾರ ಕಡಿಮೆ. ಮಲೆನಾಡಿಗೆ ತಾಗಿದ ಹಾನಗಲ್ಲಿನ ಪಶ್ಚಿಮದ ಹಳ್ಳಿಗಳಿಗೂ ಹಿರೇಕೆರೂರಿನ ಏರುತಗ್ಗುಗಳಿಗೂ 20 ಹಲ್ಲೇ ಲೇಸು. 16 ಹಲ್ಲಿನದು ಬಂದರೆ ಬೇಡವೆನ್ನಿರಿ. ಅದು ಬಯಲಿನ ಗಟ್ಟಿ ಕಾಲಿನವನಿಗೆ. ಫ್ರೀವ್ಹೀಲಿನ ಬೆಲೆ ಇಡೀ ಸೈಕಲ್ಲಿನ ಬೆಲೆಯ ಮುಂದೆ ಅತ್ಯಲ್ಪ. ಬದಲಿಸುವಾಗ ಹಿಂದಿನ ಚಕ್ರವನ್ನು ಸ್ವಲ್ಪ ಮುಂದೆ ಸರಿಸಬೇಕು, ಇಲ್ಲವೇ ಚೈನಿಗೆ ಒಂದು ಕೊಂಡಿ ಸೇರಿಸಬೇಕು, ಅಷ್ಟೇ ಕೆಲಸ.

ಇದೇ ಲೆಕ್ಕದಿಂದ ಫಿಕ್ಸ್ಡ್ ಗಿಯರಿನ ಅಪಾಯವೂ ಬಿಡಿಸಿ ತಿಳಿಯುತ್ತದೆ. 44 ಮತ್ತು 18ರ ಸೈಕಲ್ಲು ಇಳಿಜಾರಿನಲ್ಲಿ ಗಂಟೆಗೆ 40 ಕಿಲೋಮೀಟರು ಓಡಿದರೆ ಪೆಡಲು ನಿಮಿಷಕ್ಕೆ 120ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಫ್ರೀವ್ಹೀಲಿದ್ದವನು ಕಾಲು ನಿಲ್ಲಿಸಿ ಕೂರುತ್ತಾನೆ. ಅದಿಲ್ಲದವನ ಕಾಲು ಆ ವೇಗದಲ್ಲಿ ಕುಣಿಯಲೇಬೇಕು. ಹಟ ಹಿಡಿದ ಹುಡುಗರಿಗೆ ಒಂದು ಮಧ್ಯಮಾರ್ಗವಿದೆ: ಚಕ್ರದ ಒಂದು ಬದಿಗೆ ಬಿಗಿದ ಹಲ್ಲುಚಕ್ರ, ಇನ್ನೊಂದು ಬದಿಗೆ ಫ್ರೀವ್ಹೀಲು ಇರುವ ಸೈಕಲ್ಲುಗಳು ದೊಡ್ಡ ಪಟ್ಟಣಗಳಲ್ಲಿ ದೊರೆಯುತ್ತವೆ. ಚಕ್ರ ತಿರುಗಿಸಿ ಹಾಕಿಕೊಳ್ಳಬಹುದು. ಆದರೂ ಎರಡು ಬ್ರೇಕು ಇಲ್ಲದ್ದನ್ನು ಯಾವ ತಂದೆಯೂ ಕೊಡಿಸಬಾರದು.

ಬ್ರೇಕಿನ ಮಾತಿಗೆ ಬಂದರೆ, ಮಿರಮಿರನೆ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನಂಬಿಕೆಗೆ ಅರ್ಹವಲ್ಲ. ನೀರು ಬಿದ್ದಾಗ ರಬ್ಬರು ಅದರ ಮೇಲೆ ಜಾರುತ್ತದೆ, ನಿಲ್ಲುವ ದೂರ ಬಹಳ ಹೆಚ್ಚುತ್ತದೆ. ಅಲ್ಯೂಮಿನಿಯಮ್ಮಿನ ರಿಮ್ಮು ಈ ವಿಷಯದಲ್ಲಿ ಮೇಲು. ಮಳೆಗಾಲದಲ್ಲಿ ಆನೆಕೆರೆಯ ಬದಿಯಲ್ಲಿ ಓಡಾಡುವ ಹಾನಗಲ್ಲಿನವರು ಇದಕ್ಕಾಗಿ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಶಿಗ್ಗಾಂವಿಯವರಿಗೆ ರಾಷ್ಟ್ರೀಯ ಹೆದ್ದಾರಿ 48ರ ಭಯವಿದೆ. ಅವರಿಗೆ ಹಿಂದೆ ಕೆಂಪು, ಮುಂದೆ ಬಿಳಿ, ಪೆಡಲಿಗೂ ಕಡ್ಡಿಗಳಿಗೂ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆಗಳು ಇರಲೇಬೇಕು; ದಾರಿಯೂ ಬದಿಯ ಸರ್ವಿಸ್ ರಸ್ತೆಯೇ ಆಗಿರಲಿ. ಸವಣೂರಿನ ಕಡೆಯ ಎರೆಮಣ್ಣಿನ ಕಥೆಯೇ ಬೇರೆ. ಒಂದು ಮಳೆ ಬಿದ್ದರೆ ಸಾಕು, ಅದು ಟೈರಿಗೆ ಮೆತ್ತಿಕೊಂಡು ಮಡಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಸವಾರನ ಮೇಲೆ ಸೈಕಲ್ಲಿನ ಸವಾರಿ. ಟೈರಿಗೂ ಮಡಗಾರ್ಡಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಎಡೆಯಿರುವುದನ್ನೇ ಅವರು ಆರಿಸಲಿ.

ಎತ್ತರವನ್ನು ಅನೇಕರು ಗಮನಿಸುವುದಿಲ್ಲ. "ಬೆಳೆಯುವ ಹುಡುಗ, ದೊಡ್ಡದೇ ಇರಲಿ" ಎಂದು ಅಂಗಿ ಹೊಲಿಸಿದಂತೆ ಸೈಕಲ್ಲು ಕೊಳ್ಳುತ್ತಾರೆ. ಗಂಡಸರ ಸೈಕಲ್ಲಿನ ಚೌಕಟ್ಟು 22 ಮತ್ತು 24 ಅಂಗುಲಗಳಲ್ಲಿ ಬರುತ್ತದೆ. ನಡುವಿನ ಬಾರಿನ ಆಚೆ ಈಚೆ ಎರಡೂ ಪಾದ ಊರಿ ನಿಂತಾಗ, ಬಾರಿಗೂ ಮೈಗೂ ನಡುವೆ ಎರಡು ಬೆರಳು ಬಿಡುವಿರಬೇಕು. ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೆಟ್ಟಗಾಗಬೇಕು. ನಾವು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು, ಮೊಣಕಾಲಿನ ಕಲೆಗಳೇ ಅದಕ್ಕೆ ಸಾಕ್ಷಿ. ಅದನ್ನು ಮಕ್ಕಳಿಗೂ ಆಸ್ತಿಯಾಗಿ ಕೊಡಬೇಕಿಲ್ಲ.

ಹಳೆಯದನ್ನು ಕೊಳ್ಳುವುದೂ ತಪ್ಪಲ್ಲ. ಚಕ್ರವನ್ನೆತ್ತಿ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಎಡೆ ಸುತ್ತಲೂ ಒಂದೇ ಸಮ ಇದೆಯೇ ನೋಡಿರಿ. ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ನುಡಿಯಬೇಕು. ಪೆಡಲಿನ ತೋಳು ಗಡಗಡ ಅಲುಗಿದರೆ ಕಾಟರ್ ಪಿನ್ನು ಸವೆದಿದೆ ಎಂದರ್ಥ. ಅದು ಅಗ್ಗದ ರಿಪೇರಿ. ಚೌಕಟ್ಟಿನ ಬೆಸುಗೆಯ ಬಳಿ ಬಿರುಕಿದ್ದರೆ ಮಾತ್ರ ಚೌಕಾಶಿಗೆ ನಿಲ್ಲದೆ ಮನೆಗೆ ಬನ್ನಿರಿ. ಮಾರುವವನಿಂದ ಕೊಂಡ ಚೀಟಿ ಕೇಳಿ ಪಡೆಯಿರಿ.

ಆ ಹುಡುಗಿಗೂ ಕೊನೆಗೆ ಹಳೆಯದೊಂದು ಹೆಂಗಸರ ಸೈಕಲ್ಲನ್ನೇ ಹುಡುಕಿದೆವು. ಬಾರು ಕೆಳಗೆ ಬಾಗಿದ್ದು, ಚಕ್ರ 26 ಅಂಗುಲದ್ದು. ಚಕ್ರ ಚಿಕ್ಕದಾದಷ್ಟೂ ತುಳಿತ ಹಗುರ. ಗಿಯರಿನದನ್ನು ಬಂದ ಬೆಲೆಗೆ ಮಾರಿ, ಇದಕ್ಕೆ 20 ಹಲ್ಲಿನ ಫ್ರೀವ್ಹೀಲು ಹಾಕಿಸಿದೆವು. ಎರಡು ಏರುಗಳಲ್ಲಿ ಮೊದಲನೆಯದನ್ನು ಅವಳು ಇಳಿಯದೆ ಹತ್ತುತ್ತಿದ್ದಳು, ಎರಡನೆಯದರಲ್ಲಿ ಅರ್ಧದಾರಿ ತಳ್ಳುತ್ತಿದ್ದಳು. ಮೊದಲನೆಯ ಪಾಠಕ್ಕೆ ಬರುತ್ತಿದ್ದಳು. ಹತ್ತನೆಯ ತರಗತಿ ಮುಗಿಸಿದ ಮೇಲೆ ಆ ಸೈಕಲ್ಲು ಅವಳ ತಮ್ಮನ ಕೈಗೆ ಬಂದಿದೆ. ಚೈನು ಎರಡು ಸಲ ಬದಲಾಗಿದೆ, ಫ್ರೀವ್ಹೀಲು ಅದೇ ಇದೆ. ಹೆಂಗಸರ ಸೈಕಲ್ಲೆಂದು ಗೆಳೆಯರು ನಗುತ್ತಾರಂತೆ. ಬಾರೊಂದನ್ನು ಬೆಸೆಸಿಕೊಡಿ ಎಂದು ಅವನು ತಂದೆಯನ್ನು ಪೀಡಿಸುತ್ತಿದ್ದಾನೆ.