ಪಿಗ್ಮಿ ಪುಸ್ತಕ ತುಂಬಿದ ಮೇಲೆ

ಸಂಜೆಯಾಗುತ್ತಿದ್ದಂತೆ ಕುಂದಾಪುರದ ಶಾಸ್ತ್ರಿ ವೃತ್ತದ ಆಸುಪಾಸಿನ ಅಂಗಡಿಗಳಿಗೆ, ಹೆಗಲಿಗೆ ಚೀಲ ಹಾಕಿಕೊಂಡು ಕೈಯಲ್ಲಿ ಸಣ್ಣ ಮಿಷನ್ ಹಿಡಿದವರು ಬರುತ್ತಾರೆ. “ಇವತ್ ಎಷ್ಟ್ ಹಾಕೂದ್?” ಎಂದು ಕೇಳುತ್ತಾರೆ. ಕೆಲವರು ಐವತ್ತು ಕೊಡುತ್ತಾರೆ, ಕೆಲವರು ಇನ್ನೂರು, ವ್ಯಾಪಾರ ಇಲ್ಲದ ದಿನ “ನಾಳಿಗ್ ಕೊಡ್ತೆ” ಎನ್ನುತ್ತಾರೆ. ಉಳಿತಾಯ ಎಲ್ಲಿಂದ ಶುರು ಮಾಡುವುದು ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ತೋರಿಸುವುದು ಈ ಪಿಗ್ಮಿಯನ್ನೇ. ಇದು ಹುಟ್ಟಿದ್ದೂ ನಮ್ಮ ಕರಾವಳಿಯಲ್ಲಿ.

1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಸೋತು ಕೂತಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಉದ್ದೇಶವಾಗಿತ್ತು. 1928ರಲ್ಲಿ ಅದರ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು. ಪಿಗ್ಮಿ ಯೋಜನೆ ಶುರುವಾದದ್ದೂ ಅದೇ ವರ್ಷ: ದಿನಕ್ಕೆ ಎರಡಾಣೆ, ಅದನ್ನೂ ಮನೆಬಾಗಿಲಿಗೇ ಬಂದು ವಸೂಲು ಮಾಡುವುದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಉಳಿದಿದೆ.

ಉಳಿಯಲು ಕಾರಣ ಇದೆ. ತಿಂಗಳ ಸಂಬಳ ಇಲ್ಲದವರಿಗೆ ತಿಂಗಳ ಉಳಿತಾಯ ಹೊಂದುವುದಿಲ್ಲ. ಯಕ್ಷಗಾನ ಕಲಾವಿದರಿಗೆ ಮೇಳದ ತಿರುಗಾಟದ ದಿನಗಳಲ್ಲಷ್ಟೇ ದುಡಿಮೆ. ಗಂಗೊಳ್ಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಕಡಲಿಗಿಳಿಯುವಂತಿಲ್ಲ. ಆ ದೋಣಿಯಲ್ಲಿ ದುಡಿಯುವ ಒಂದು ಮನೆಯ ಖರ್ಚು ತಿಂಗಳಿಗೆ 15 ಸಾವಿರ ಎಂದಿಟ್ಟುಕೊಳ್ಳಿ. ಎರಡು ತಿಂಗಳಿಗೆ 30 ಸಾವಿರ ಬೇಕು. ಆಗಸ್ಟ್‌ನಿಂದ ಮೇವರೆಗೆ ದಿನಕ್ಕೆ ನೂರು ರೂಪಾಯಿ ಪಿಗ್ಮಿಗೆ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮಳೆಗಾಲದಲ್ಲಿ ಹೆಂಡತಿಯ ಬಳೆ ಅಡವಿಡುವುದು ತಪ್ಪುತ್ತದೆ. ಆಪತ್ತಿಗೆ ಆರು ತಿಂಗಳ ಖರ್ಚು ತೆಗೆದಿಡಿ ಎಂದು ಎಲ್ಲ ಕಡೆ ಹೇಳುತ್ತಾರೆ. ಹೊಸಬರಿಗೆ ಅದನ್ನು ಕೇಳಿದರೇ ಎದೆ ಒಡೆಯುತ್ತದೆ. ಮೊದಲು ಎರಡು ತಿಂಗಳದ್ದು ಮಾಡಿಕೊಳ್ಳಿ, ಸಾಕು.

ಆದರೆ ಪಿಗ್ಮಿಯಲ್ಲಿ ಬಡ್ಡಿ ಕಡಿಮೆ. ದಿನವೂ ಬಂದು ಹೋಗುವವರಿಗೆ ಕಮಿಷನ್ ಕೊಡಬೇಕಲ್ಲ, ಅದು ಆ ಬಡ್ಡಿಯಿಂದಲೇ ಹೋಗುತ್ತದೆ. ಅವಧಿಗೆ ಮೊದಲೇ ಮುರಿಸಿದರೆ ಬಡ್ಡಿಯೇ ಇಲ್ಲದಿರಬಹುದು, ಮೇಲಿಂದ ಸ್ವಲ್ಪ ಕಡಿತವೂ ಆಗಬಹುದು. ಖಾತೆ ತೆರೆಯುವ ದಿನವೇ ಈ ನಿಯಮ ಕೇಳಿಕೊಳ್ಳಿ. ಪಿಗ್ಮಿ ಬಾವಿಯ ಕೊಡಪಾನ ಇದ್ದಂತೆ, ನೀರು ಸೇದುವುದಕ್ಕೆ ಇರುವುದು. ಸೇದಿದ್ದನ್ನು ಹಂಡೆಗೆ ಸುರಿಯಬೇಕು. ನಮ್ಮಲ್ಲಿ ಎಷ್ಟೋ ಜನ ಪುಸ್ತಕ ತುಂಬಿದ ತಕ್ಷಣ ಅದೇ ಹಣವನ್ನು ಮತ್ತೆ ಪಿಗ್ಮಿಗೇ ಹಾಕುತ್ತಾರೆ, ಇಲ್ಲವೇ ಹೊಸ ಮೊಬೈಲ್ ತರುತ್ತಾರೆ.

ಹಣ ಎಲ್ಲಿ ಕೂತಿದೆ ಎಂಬುದನ್ನು ಇನ್ನೂ ಗಟ್ಟಿಯಾಗಿ ವಿಚಾರಿಸಿ. ನಮ್ಮ ಪೇಟೆಗಳಲ್ಲಿ ಬ್ಯಾಂಕಿನ ಪಕ್ಕದಲ್ಲೇ ಪತ್ತಿನ ಸಹಕಾರ ಸಂಘ, ಅದರ ಪಕ್ಕದಲ್ಲಿ ಸೌಹಾರ್ದ ಸಹಕಾರಿ. ಮೂರೂ ಕಡೆ ಕೌಂಟರ್ ಒಂದೇ ಥರ, ಪಾಸ್‌ಬುಕ್ ಒಂದೇ ಥರ. ಕಾನೂನಿನಲ್ಲಿ ಒಂದೇ ಥರ ಅಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿರುವ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮೊದಲು ಈ ಮಿತಿ 1 ಲಕ್ಷ ಇತ್ತು. ಪಟ್ಟಣ ಸಹಕಾರಿ ಬ್ಯಾಂಕುಗಳೂ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಈ ವಿಮೆಯೊಳಗೆ ಬರುತ್ತವೆ. ಪತ್ತಿನ ಸಂಘ ಮತ್ತು ಸೌಹಾರ್ದ ಸಹಕಾರಿಗಳು ಬರುವುದಿಲ್ಲ. ಬಡವರಿಗೆ ಹೊತ್ತಿಗೆ ಸಾಲ ಕೊಟ್ಟು ಊರನ್ನು ಎತ್ತಿ ನಿಲ್ಲಿಸಿದ ಒಳ್ಳೆಯ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಹಾಗೆಂದು ಮನೆ ಮಾರಿದ ಹಣವನ್ನೋ ನಿವೃತ್ತಿಯ ಇಡಿಗಂಟನ್ನೋ ಅರ್ಧ ಶೇಕಡಾ ಹೆಚ್ಚು ಬಡ್ಡಿಗಾಗಿ ಪೂರ್ತಿ ಅಲ್ಲಿಡಬಾರದು. ನೀವು ಸಂಘದ ಸದಸ್ಯರಾಗಿದ್ದರೆ ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕಪರಿಶೋಧನೆಯ ವರದಿ ಕೇಳಿ, ಸುಸ್ತಿ ಸಾಲ ಎಷ್ಟಿದೆ ಎಂದು ನೋಡಿ. ಊಟ ಮಾಡಿ, ಕೊಟ್ಟ ಸ್ಟೀಲ್ ಪಾತ್ರೆ ಹಿಡಿದು ಬರುವುದಷ್ಟೇ ಸದಸ್ಯರ ಕೆಲಸವಲ್ಲ.

ಪಿಗ್ಮಿ ಕಟ್ಟಿದ ಕೂಡಲೇ ರಸೀದಿಯನ್ನೋ ಮೊಬೈಲಿಗೆ ಬಂದ ಸಂದೇಶವನ್ನೋ ನೋಡಿ. ಬರದಿದ್ದರೆ ಮರುದಿನವೇ ಶಾಖೆಗೆ ಹೋಗಿ ವಿಚಾರಿಸಿ. ಕಲೆಕ್ಷನ್‌ಗೆ ಬರುವವರು ಪರಿಚಯದವರೇ ಇರಲಿ, ಲೆಕ್ಕ ಕೇಳುವುದು ಅನುಮಾನ ಪಟ್ಟಂತಲ್ಲ.

ತುಂಬಿದ ಹಣದಿಂದ ಮೊದಲು ತೀರಿಸಬೇಕಾದದ್ದು ಕೈಸಾಲ. “ನೂರಕ್ಕೆ ಮೂರೇ ರೂಪಾಯಿ” ಎನ್ನುವ ಬಡ್ಡಿ ತಿಂಗಳಿನದು, ವರ್ಷಕ್ಕೆ ಶೇ. 36. ಯಾವ ಠೇವಣಿಯೂ ಅಷ್ಟು ಗಳಿಸಿಕೊಡುವುದಿಲ್ಲ. ಫ್ಲಾಟ್ ಬಡ್ಡಿಯ ಲೆಕ್ಕವನ್ನೂ ತಿಳಿದಿರಿ. 10,000 ರೂಪಾಯಿ ಸಾಲಕ್ಕೆ ಶೇ. 12 ಫ್ಲಾಟ್ ಎಂದು 11,200 ರೂಪಾಯಿಯನ್ನು ಹನ್ನೆರಡು ಸಮ ಕಂತುಗಳಲ್ಲಿ ಕಟ್ಟಿಸಿಕೊಂಡರೆ, ಅಸಲು ಪ್ರತಿ ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ ಅಸಲಿನ ಮೇಲೇ ಬೀಳುತ್ತದೆ. ನಿಜವಾದ ದರ ಶೇ. 21 ದಾಟುತ್ತದೆ. “ಇಳಿಯುವ ಅಸಲಿನ ಮೇಲೆ ಎಷ್ಟು?” ಎಂದು ಕೇಳಿದರೆ ಸತ್ಯ ಹೊರಗೆ ಬರುತ್ತದೆ.

ಆಮೇಲೆ ವಿಮೆ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಖಾತೆ ಇರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಇದೆ, ಅಪಘಾತದಲ್ಲಿ ಸಾವಾದರೆ 2 ಲಕ್ಷ. 50 ವರ್ಷದೊಳಗೆ ಸೇರಿದವರಿಗೆ 436 ರೂಪಾಯಿಯ ಜೀವನ್ ಜ್ಯೋತಿ, ಹೊಸದಾಗಿ ಸೇರಿದ ಮೊದಲ 30 ದಿನ ಬಿಟ್ಟರೆ ಯಾವ ಕಾರಣದ ಸಾವಿಗೂ 2 ಲಕ್ಷ. ಇವುಗಳ ವರ್ಷ ಶುರುವಾಗುವುದು ಜೂನ್ 1ಕ್ಕೆ, ದೋಣಿ ದಡಕ್ಕೆ ಹತ್ತುವ ದಿನವೇ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ.

ಇಷ್ಟಾದ ಮೇಲೆ ಹೂಡಿಕೆಯ ಮಾತು. ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಗೆ ಶೇ. 6.7 ಬಡ್ಡಿ ಹಿಡಿದರೆ, ತಿಂಗಳಿಗೆ 3,000ದಂತೆ ಕಟ್ಟಿದ 1,80,000 ರೂಪಾಯಿ ಸುಮಾರು 2,14,000 ಆಗುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ನೀವು ಖಾತೆ ತೆರೆದ ದಿನದ ದರ ಐದು ವರ್ಷವೂ ನಡೆಯುತ್ತದೆ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಇದೆ, ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ನಡೆಯುತ್ತದೆ. ಹದಿನೈದು ವರ್ಷ ಕಾಯುವ ತಾಳ್ಮೆ ಇದ್ದವರಿಗೆ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್.

ಮ್ಯೂಚುವಲ್ ಫಂಡಿಗೆ ಕಂತು ಕಂತಾಗಿ ಹಣ ಹಾಕುವ ಎಸ್.ಐ.ಪಿ. ನಮ್ಮ ಪಿಗ್ಮಿಯ ದಾಯಾದಿಯೇ, ಆದರೆ ಸ್ವಭಾವ ಬೇರೆ. ಅದು ಷೇರುಗಳ ಜೊತೆ ಏರುತ್ತದೆ, ಇಳಿಯುತ್ತದೆ, ಅಸಲಿಗೂ ಖಾತ್ರಿ ಇಲ್ಲ. ಏಳು ವರ್ಷ ಮುಟ್ಟದೆ ಇರಬಲ್ಲ ಹಣವನ್ನಷ್ಟೇ ಅಲ್ಲಿ ಹಾಕಿ ಎಂಬುದು ನನ್ನ ಅಭಿಪ್ರಾಯ. ಮಗಳ ಮುಂದಿನ ವರ್ಷದ ಫೀಸನ್ನು ಅಲ್ಲಿಡಬೇಡಿ.

ಇನ್ನು, ವಾಟ್ಸಾಪ್ ಗುಂಪಿನಲ್ಲಿ ಷೇರಿನ ಸಲಹೆ ಕೊಡುತ್ತಾ ತಿಂಗಳಿಗೆ ಶೇ. 10 ಗ್ಯಾರಂಟಿ ಎನ್ನುವವರು ಯಾರೇ ಇರಲಿ, ಮೋಸವೆಂದೇ ತಿಳಿಯಿರಿ. ಸೆಬಿ ನೋಂದಣಿ ಇರುವ ಸಲಹೆಗಾರರು ಲಾಭದ ಭರವಸೆ ಕೊಡುವಂತೆಯೇ ಇಲ್ಲ. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಆ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೊಂದು ವಿನಂತಿ. ಮನೆಯವರಿಗೆ ಗೊತ್ತೇ ಇಲ್ಲದ ಪಿಗ್ಮಿ ಪುಸ್ತಕ, ನಾಮಿನಿ ಹೆಸರಿಲ್ಲದ ಠೇವಣಿ, ಮದುವೆಗೆ ಮೊದಲು ಬರೆಸಿ ಇನ್ನೂ ಬದಲಾಗದ ನಾಮಿನಿ, ಇವುಗಳಿಂದ ವಿಧವೆಯರು ಶಾಖೆಯಿಂದ ಶಾಖೆಗೆ ಅಲೆಯಬೇಕಾಗುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಬರೆಸಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ಪಾಸ್‌ಬುಕ್‌ಗಳನ್ನೆಲ್ಲ ಹೊರತೆಗೆದು, ಯಾರ ಹೆಸರು ಎಲ್ಲಿದೆ ಎಂದು ಎಲ್ಲರೂ ಒಟ್ಟಿಗೆ ಕೂತು ನೋಡಿ.