ತೀರ್ಪಿಗೆ ಮುಂಚೆ ಮನೆ ಮಾರಬಹುದೆ?

ನೆಲೋಗಿಯಲ್ಲಿ ನಮ್ಮದೊಂದು ಮನೆ ಇತ್ತು. ಕಲ್ಲಿನ ಗೋಡೆ, ಫರಸಿಯ ನೆಲ, ಮೇಲೆ ಮಣ್ಣಿನ ಮಾಳಿಗೆ. ಜೇವರ್ಗಿ ಸೀಮೆಯ ಹಳ್ಳಿಗಳನ್ನು ಕಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ತಂದೆಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಮೃತ್ಯುಪತ್ರ ದೊರೆಯಿತು. ಮನೆ ನನಗೂ ನನ್ನ ತಮ್ಮನಿಗೂ ಸಮನಾಗಿ ಸೇರತಕ್ಕದ್ದು, ವ್ಯವಹಾರವನ್ನೆಲ್ಲ ನಾನೇ ನಿರ್ವಹಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಅಕ್ಕನ ಹೆಸರು ಎಲ್ಲಿಯೂ ಇರಲಿಲ್ಲ.

ತಮ್ಮ ಸೊಲ್ಲಾಪುರದಲ್ಲಿ ಅಂಗಡಿ ಇಟ್ಟು ಸಾಲದಲ್ಲಿದ್ದ. ಕೊಳ್ಳುವವರೂ ಊರಿನಲ್ಲೇ ಸಿಕ್ಕರು. ಸಂಚಕಾರ ಕೊಡಲು ಸಿದ್ಧರಾದರು. ಆದರೆ ಅವರ ವಕೀಲರು ಮೃತ್ಯುಪತ್ರಕ್ಕೆ ಪ್ರೊಬೇಟ್ ಬೇಕೆಂದರು. ಕಾಲೇಜಿನಲ್ಲಿ ಮೂರು ದಶಕ ಪದಗಳ ಅರ್ಥ ಹೇಳಿದ ನನಗೆ ಈ ಒಂದು ಪದದ ಅರ್ಥ ತಿಳಿಯುವುದಕ್ಕೆ ಭೀಮೆಯನ್ನು ದಾಟಿ ಕಲಬುರಗಿಗೆ ಹಲವು ಸಲ ಹೋಗಬೇಕಾಯಿತು. ಆಗ ಕಲಿತದ್ದನ್ನು ಇಂಥದೇ ಇಕ್ಕಟ್ಟಿನಲ್ಲಿ ಇರುವವರಿಗಾಗಿ ಇಲ್ಲಿ ಹೇಳುತ್ತೇನೆ.

ಉಯಿಲು ಎಂಬುದು ಇಂಗ್ಲಿಷಿನ ಮಾತೇ ಕನ್ನಡದ ಅಂಗಿ ತೊಟ್ಟುಕೊಂಡದ್ದು. ನಮ್ಮ ಕಡೆ ಅದು ಮೃತ್ಯುಪತ್ರ, ಉರ್ದುವಿನಲ್ಲಿ ವಸೀಯತ್‌ನಾಮಾ. ಪ್ರೊಬೇಟ್ ಎಂಬುದರ ಮೂಲ, ರುಜುಪಡಿಸು ಎಂಬ ಅರ್ಥದ ಲ್ಯಾಟಿನ್ ಧಾತು. ಇದು ಸತ್ತವನ ಕೊನೆಯ ಇಚ್ಛೆಯೇ ಹೌದು, ಸ್ವಸ್ಥಚಿತ್ತದಿಂದ ಬರೆದದ್ದು, ಇಬ್ಬರು ಸಾಕ್ಷಿಗಳ ರುಜು ಸರಿಯಾಗಿದೆ ಎಂದು ನ್ಯಾಯಾಲಯ ಮುದ್ರೆಯೊತ್ತಿ ಕೊಡುವ ಪತ್ರವೇ ಪ್ರೊಬೇಟ್. ಮೃತ್ಯುಪತ್ರದಲ್ಲಿ ನಿರ್ವಾಹಕನೆಂದು ಹೆಸರಿಸಲ್ಪಟ್ಟವನಿಗೆ ಮಾತ್ರ ಅದು ದೊರೆಯುತ್ತದೆ. ಅಂಥ ಹೆಸರಿಲ್ಲದಿದ್ದರೆ ನ್ಯಾಯಾಲಯ ಒಬ್ಬ ಆಡಳಿತಗಾರನನ್ನು ನೇಮಿಸಿ ಆಡಳಿತಪತ್ರ ಕೊಡುತ್ತದೆ.

ಇದು ಎಲ್ಲರಿಗೂ ಕಡ್ಡಾಯವೆ? 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೇ ಕಲಮಿನ ಪ್ರಕಾರ, ಮುಂಬಯಿ, ಮದ್ರಾಸು ನಗರಗಳಲ್ಲೂ ಹಳೆಯ ಬಂಗಾಳ ಪ್ರಾಂತದಲ್ಲೂ ಬರೆದ, ಇಲ್ಲವೆ ಅಲ್ಲಿಯ ಸ್ಥಿರಾಸ್ತಿಗೆ ಸಂಬಂಧಿಸಿದ ಹಿಂದೂಗಳ ಉಯಿಲುಗಳಿಗೆ ಅದು ಕಡ್ಡಾಯವಾಗಿತ್ತು. 2025ರಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ನೆಲೋಗಿಯ ಮನೆಗೆ ಆ ಕಟ್ಟು ಎಂದೂ ಇರಲಿಲ್ಲ. ಆದರೂ ಕೊಳ್ಳುವವರ ಸಂಶಯ ನೀಗಲೆಂದು ಜನ ಪ್ರೊಬೇಟ್ ಕೇಳುವುದುಂಟು. ನಾವೂ ಹಾಗೆಯೇ ಅರ್ಜಿ ಹಾಕಿದೆವು.

ಅರ್ಜಿ ಬಿದ್ದೊಡನೆ ನ್ಯಾಯಾಲಯ ವಾರಸುದಾರರಿಗೆಲ್ಲ ನೋಟೀಸು ಕಳಿಸಿತು. ಒಂದು ಅಕ್ಕನಿಗೂ ಹೋಯಿತು. ಅಪ್ಪ ಹೀಗೆ ಬರೆದಿಟ್ಟಿದ್ದಾನೆಂಬುದು ಅವಳಿಗೆ ತಿಳಿದದ್ದು ಆ ಕಾಗದದಿಂದಲೇ, ನಾವಿಬ್ಬರೂ ಹೇಳಿರಲಿಲ್ಲ. ಅವಳು ತಕರಾರು ಹೂಡಿದಳು. ತಕರಾರು ಬಂದರೆ ಪ್ರೊಬೇಟ್ ಅರ್ಜಿ ದಾವೆಯ ರೂಪ ತಾಳುತ್ತದೆ. ಸಾಕ್ಷಿ, ಪಾಟಿಸವಾಲು ಎಲ್ಲವೂ ನಡೆಯುತ್ತವೆ, ವರ್ಷಗಳು ಉರುಳುತ್ತವೆ.

ತಮ್ಮ, “ಕೇಸು ನಡೀಲಿ, ಮನಿ ಮಾರಿಬಿಡೋಣು” ಎಂದ. ಮಾರಬಹುದೆ?

ಉತ್ತರ ಮಾರುವವನು ಯಾರೆಂಬುದನ್ನು ಅವಲಂಬಿಸಿದೆ. ನಿರ್ವಾಹಕನಿಗೆ ಅಧಿಕಾರ ಮೃತ್ಯುಪತ್ರದಿಂದಲೇ ಬರುತ್ತದೆ. ಸತ್ತವನ ಆಸ್ತಿ ಅವನ ವಶಕ್ಕೆ ಬಂದಂತೆಯೇ. ಪತ್ರದಲ್ಲಿ ಬೇರೆ ನಿರ್ಬಂಧವಿಲ್ಲದಿದ್ದರೆ ಕಾಯಿದೆಯ 307ನೇ ಕಲಮು ಅವನಿಗೆ ವಿಲೇವಾರಿಯ ಅಧಿಕಾರ ಕೊಡುತ್ತದೆ. ಮುಂದೆ ಪ್ರೊಬೇಟ್ ದೊರೆತರೆ ನಡುವೆ ಅವನು ನಿರ್ವಾಹಕನಾಗಿ ಮಾಡಿದ ಕೆಲಸಗಳೂ ಊರ್ಜಿತವಾಗುತ್ತವೆ. ಆದರೆ ಪತ್ರವೇ ಸುಳ್ಳೆಂದು ತೀರ್ಪಾದರೆ ಆ ಅಧಿಕಾರದ ಬುಡವೇ ಕಿತ್ತುಹೋಗುತ್ತದೆ. ನ್ಯಾಯಾಲಯ ನೇಮಿಸಿದ ಆಡಳಿತಗಾರನಾದರೋ ಮೊದಲು ಅನುಮತಿ ಪಡೆಯದೆ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಮಾರಿದರೆ, ಆಸ್ತಿಯಲ್ಲಿ ಹಿತವುಳ್ಳ ಯಾರೇ ಆಗಲಿ ಅದನ್ನು ರದ್ದು ಮಾಡಿಸಬಹುದು. ಇನ್ನು ಬರಿಯ ವಾರಸುದಾರನು ಮಾರುವುದು ಕೊನೆಗೆ ತನ್ನದೆಂದು ನಿಲ್ಲುವ ಪಾಲನ್ನು ಮಾತ್ರ. ಪಾಲಿನ ದಾವೆಯೇ ನಡೆದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 52ನೇ ಕಲಮಿನಂತೆ ಕೊಂಡವನೂ ಆ ತೀರ್ಪಿಗೆ ಬದ್ಧ. ಅವನು ಮನೆಯ ಜೊತೆಗೆ ವ್ಯಾಜ್ಯವನ್ನೂ ಕೊಂಡುಕೊಳ್ಳುತ್ತಾನೆ.

ಇಷ್ಟನ್ನು ಕೇಳಿದಾಗ ನನಗೆ ಧೈರ್ಯವೇ ಬಂದಿತ್ತು. ನಾನು ನಿರ್ವಾಹಕ, ಮೃತ್ಯುಪತ್ರ ಅಪ್ಪನದೇ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಆಗ ನಮ್ಮ ವಕೀಲರು ಕೇಳಿದರು: “ಸರ್, ಮನೆ ನಿಮ್ಮ ತಂದೆಯವರಿಗೆ ಹೇಗೆ ಬಂತು?”

ಅಜ್ಜನಿಂದ ಬಂದದ್ದು. ಅಜ್ಜ ತೀರಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮುಂಚೆ, ನಮ್ಮ ಸೀಮೆ ಇನ್ನೂ ಹೈದರಾಬಾದು ರಾಜ್ಯದಲ್ಲಿದ್ದಾಗ. ಹಾಗಾದರೆ ಅದು ಪಿತ್ರಾರ್ಜಿತ. ಮಗಳೂ ಮಗನಂತೆ ಹುಟ್ಟಿನಿಂದಲೇ ಅದರಲ್ಲಿ ಪಾಲುಗಾರಳೆಂದು ಕರ್ನಾಟಕ 1994ರಲ್ಲೂ ಕೇಂದ್ರ 2005ರಲ್ಲೂ ಕಾನೂನು ಮಾಡಿದವು. 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ತಾಯಿ ಮೊದಲೇ ಹೋಗಿದ್ದರು. ಅಪ್ಪ, ನಾನು, ತಮ್ಮ, ಅಕ್ಕ: ನಾಲ್ಕು ಪಾಲು. ಅಪ್ಪ ಮೃತ್ಯುಪತ್ರದಲ್ಲಿ ಕೊಡಬಹುದಾಗಿದ್ದದ್ದು ತನ್ನ ಕಾಲು ಪಾಲನ್ನು ಮಾತ್ರ. ಅದನ್ನು ನಮಗಿಬ್ಬರಿಗೆ ಹಂಚಿದರೂ ಅಕ್ಕನ ಕಾಲು ಪಾಲು ಅಕ್ಕನದೇ.

ಪ್ರೊಬೇಟಿನ ಬಗೆಗೆ ಜನರಲ್ಲಿ ಇರುವ ದೊಡ್ಡ ತಪ್ಪು ತಿಳಿವಳಿಕೆ ಇದೇ. ಪ್ರೊಬೇಟ್ ಕಾಗದದ ಸಾಚಾತನವನ್ನು ಹೇಳುತ್ತದೆ. ಕಾಗದದಲ್ಲಿ ಹೇಳಿದ ಆಸ್ತಿ ಬರೆದವನದೇ ಹೌದೆ ಎಂಬುದನ್ನು ಆ ನ್ಯಾಯಾಲಯ ನೋಡುವುದಿಲ್ಲ. ಅಕ್ಕ ಪ್ರೊಬೇಟಿನಲ್ಲಿ ಸೋತಿದ್ದರೂ ಪಾಲಿನ ದಾವೆಯಲ್ಲಿ ಗೆಲ್ಲುತ್ತಿದ್ದಳು. ಆ ಹೊತ್ತಿಗೆ ನಾವು ಮನೆ ಮಾರಿ ಹಣ ಖರ್ಚು ಮಾಡಿದ್ದರೆ, ಕೊಂಡವರು ನಮ್ಮ ಬಾಗಿಲಿಗೆ ಬರುತ್ತಿದ್ದರು.

ಸಂಚಕಾರ ಬೇಡವೆಂದು ಹೇಳಿ ನಾನು ಅಕ್ಕನ ಊರಿಗೆ ಹೋದೆ. ಅವಳ ಮಾತು ಇಷ್ಟೇ: “ಮನಿ ಮಾರಬ್ಯಾಡ ಅಂತ ನಾ ಅನ್ನಂಗಿಲ್ಲ, ತಮ್ಮಾ. ಮಾರೂಮುಂದ ನನ್ನ ಒಂದು ಮಾತು ಕೇಳ್ರಿ ಅಂತೀನಿ.” ಅವಳ ತಕರಾರಿನ ಮೂಲ ಅಪ್ಪನ ಕಾಗದವಾಗಿರಲಿಲ್ಲ, ನಮ್ಮ ಮೌನವಾಗಿತ್ತು.

ಅವಳ ಪಾಲನ್ನು ಒಪ್ಪಿ ಬರೆದುಕೊಟ್ಟೆವು. ಅವಳು ತಕರಾರನ್ನು ಹಿಂದಕ್ಕೆ ಪಡೆದಳು. ಆಮೇಲೆ ಪ್ರೊಬೇಟ್ ದೊರೆಯಲು ಬಹಳ ಕಾಲ ಹಿಡಿಯಲಿಲ್ಲ. ಅಲ್ಲಿಯವರೆಗೂ ಕೊಳ್ಳುವವರು ಕಾದರು. ತಮ್ಮನ ಸಾಲಕ್ಕೆ ನನ್ನ ನಿವೃತ್ತಿಯ ಹಣದಿಂದ ಸ್ವಲ್ಪ ಕೊಟ್ಟೆ. ಹಣ ನಾಲ್ಕು ಪಾಲಾಯಿತು: ಒಂದು ಅಕ್ಕನಿಗೆ, ಉಳಿದ ಮೂರರಲ್ಲಿ ಅರ್ಧರ್ಧ ನಮಗೆ.

ಮನೆ ಮಾರುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಸತ್ತವರಿಗೆ ಹೇಗೆ ಬಂತು? ಮಾರುವ ಅಧಿಕಾರ ಯಾರಿಗಿದೆ? ಹೇಳದೆ ಉಳಿದವರು ಯಾರಾದರೂ ಇದ್ದಾರೆಯೆ? ಮೊದಲ ಎರಡಕ್ಕೆ ವಕೀಲರು ಉತ್ತರ ಕೊಟ್ಟಾರು. ಮೂರನೆಯದಕ್ಕೆ ನಾವೇ ಹೇಳಬೇಕು. ಕ್ರಯಪತ್ರದಲ್ಲಿ ಮೊದಲ ರುಜು ಅಕ್ಕನದು. ಅಪ್ಪನ ಕಾಗದದಲ್ಲಿ ಇಲ್ಲದ ಹೆಸರು ಅಲ್ಲಿ ಮೊದಲ ಸಾಲಿನಲ್ಲಿದೆ.

(ಬಾನುಲಿ ಭಾಷಣ)